ಇಂಟರ್ನೆಟ್ ಸೇವೆಯಲ್ಲಿ ಲಾಗಿನ್, ಬಳಕೆಯ ಲೆಕ್ಕ, ಬಿಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಣ ತೆಗೆದುಕೊಂಡು ಇಂಟರ್ನೆಟ್ ಕೊಡುವವರು ಯಾರೇ ಆಗಿರಲಿ, ಮನೆಮನೆಗೆ ಬ್ರಾಡ್‌ಬ್ಯಾಂಡ್ ಕೊಡುವವರಾಗಲಿ, ಒಂದು ಕಟ್ಟಡಕ್ಕೆ ವೈಫೈ ಕೊಡುವವರಾಗಲಿ, ಮೂರು ಕೆಲಸ ಮಾಡಲೇಬೇಕು. ಯಾರನ್ನು ಒಳಗೆ ಬಿಡಬೇಕು ಅಂತ ನೋಡಬೇಕು. ಬಂದವರು ಎಷ್ಟು ಬಳಸಿದರು ಅಂತ ಬರೆದಿಡಬೇಕು. ಬರೆದಿಟ್ಟದ್ದನ್ನು ನೋಡಿ ದುಡ್ಡು ಕೇಳಬೇಕು. ಮೂರನೆಯದರ ಬಗ್ಗೆ ಎಲ್ಲರಿಗೂ ಆಸಕ್ತಿ. ಆದರೆ ಜಗಳ ಹುಟ್ಟುವುದು ಎರಡನೆಯದರಲ್ಲಿ. ಹಾಗಾಗಿ ಇಲ್ಲಿ ಲೆಕ್ಕದ ಪ್ರಶ್ನೆಗಳೇ ಜಾಸ್ತಿ ಇವೆ.

ಎಎಎ ಅಂದರೆ ಏನು? ಬಿಲ್ಲಿಂಗ್ ಅದರೊಳಗೇ ಬರುತ್ತಾ?

ಬರುವುದಿಲ್ಲ. ಮೂರು ಎ ಅಂದರೆ ಅಥೆಂಟಿಕೇಶನ್, ಆಥರೈಸೇಶನ್, ಅಕೌಂಟಿಂಗ್. ಬಂದವರು ಯಾರು ಅಂತ ಖಚಿತ ಮಾಡಿಕೊಳ್ಳುವುದು ಮೊದಲನೆಯದು. ಅವರಿಗೆ ಎಷ್ಟು ವೇಗ, ಎಷ್ಟು ಹೊತ್ತು, ಯಾವ ಐಪಿ ಅಂತ ತೀರ್ಮಾನಿಸುವುದು ಎರಡನೆಯದು. ಬಳಕೆಯನ್ನು ದಾಖಲೆ ಮಾಡುವುದು ಮೂರನೆಯದು. ಅಲ್ಲಿಗೆ ಎಎಎ ಮುಗಿಯಿತು. ಆ ದಾಖಲೆಗೆ ದರ ಹಚ್ಚುವುದು, ತೆರಿಗೆ ಸೇರಿಸುವುದು, ಬಿಲ್ ಕಳಿಸುವುದು, ಬಂದ ಹಣ ಜಮಾ ಮಾಡುವುದು ಬೇರೆ ಸಾಫ್ಟ್‌ವೇರಿನ ಕೆಲಸ. ಎರಡನ್ನೂ ಒಂದೇ ಡೇಟಾಬೇಸಿನಲ್ಲಿ ಕಲಸಿ ಇಟ್ಟವರು ತಿಂಗಳ ಮೊದಲ ದಿನ ಒದ್ದಾಡುತ್ತಾರೆ. ಬಿಲ್‌ಗಳು ತಯಾರಾಗುವಾಗ ಡೇಟಾಬೇಸ್ ನಿಧಾನವಾಗುತ್ತದೆ, ಅದೇ ಹೊತ್ತಿಗೆ ಲಾಗಿನ್‌ಗಳೂ ನಿಂತುಹೋಗುತ್ತವೆ.

ಗ್ರಾಹಕರು ಲಾಗಿನ್ ಆದಾಗ ಒಳಗೆ ಏನು ನಡೆಯುತ್ತದೆ?

ಗ್ರಾಹಕರ ರೂಟರ್ ನಿಮ್ಮ ಸರ್ವರ್ ಜೊತೆ ನೇರವಾಗಿ ಮಾತಾಡುವುದಿಲ್ಲ. ಮಧ್ಯೆ ಒಂದು ಸಾಧನ ಇರುತ್ತದೆ. ಅದರ ಸಾಮಾನ್ಯ ಹೆಸರು ನ್ಯಾಸ್. ಬ್ರಾಡ್‌ಬ್ಯಾಂಡಿನವರು ಅದನ್ನು ಬಿಎನ್‌ಜಿ ಅಥವಾ ಬ್ರಾಸ್ ಅನ್ನುತ್ತಾರೆ. ವೈಫೈನಲ್ಲಿ ಅದು ಕಂಟ್ರೋಲರ್ ಅಥವಾ ಹಾಟ್‌ಸ್ಪಾಟ್ ಗೇಟ್‌ವೇ. ಈ ನ್ಯಾಸ್, ರೇಡಿಯಸ್ (ಲಾಗಿನ್, ಲೆಕ್ಕದ ಮಾತುಕತೆಗೆ ಇರುವ ನಿಯಮಾವಳಿ) ಸರ್ವರನ್ನು ಕೇಳುತ್ತದೆ: ಇವರನ್ನು ಬಿಡಲಾ? ಸರ್ವರ್ ಒಪ್ಪಬಹುದು, ಬೇಡ ಅನ್ನಬಹುದು, ಇಲ್ಲವೇ ಒಟಿಪಿಯಂಥ ಇನ್ನೊಂದು ಪುರಾವೆ ಕೇಳಬಹುದು. ಒಪ್ಪಿದರೆ ಆ ಉತ್ತರದ ಜೊತೆಗೇ ಐಪಿ ವಿಳಾಸ, ವೇಗದ ಮಿತಿ, ಸೆಷನ್ (ಲಾಗಿನ್‌ನಿಂದ ಸಂಪರ್ಕ ಕಡಿಯುವವರೆಗಿನ ಅವಧಿ) ಎಷ್ಟು ಹೊತ್ತು ಇರಬಹುದು ಎಂಬ ವಿವರಗಳು ಹೋಗುತ್ತವೆ.

ಸಂಪರ್ಕ ಸಿಕ್ಕ ಮೇಲೆ ನ್ಯಾಸ್ ಒಂದು ಸ್ಟಾರ್ಟ್ ಸಂದೇಶ ಕಳಿಸುತ್ತದೆ. ನಡುನಡುವೆ ಅಲ್ಲಿಯವರೆಗಿನ ಬಳಕೆ ಹೇಳುವ ಇಂಟರಿಮ್ ಅಪ್‌ಡೇಟ್ ಬರುತ್ತಿರುತ್ತದೆ. ಕೊನೆಗೆ ಸ್ಟಾಪ್. ಮೂರರಲ್ಲೂ ಒಂದೇ ಸೆಷನ್ ಐಡಿ ಇರುತ್ತದೆ.

ಬಾಗಿಲು ಕಾಯುವುದೂ ಅಳೆಯುವುದೂ ಎರಡೂ ನ್ಯಾಸ್ ಕೆಲಸ ಎನ್ನುವುದನ್ನು ಮರೆಯಬೇಡಿ. ಸರ್ವರ್ ಏನನ್ನೂ ಅಳೆಯುವುದಿಲ್ಲ, ನ್ಯಾಸ್ ಹೇಳಿದ್ದನ್ನು ಬರೆದುಕೊಳ್ಳುತ್ತದೆ ಅಷ್ಟೆ. ನ್ಯಾಸ್ ತಪ್ಪು ಹೇಳಿದರೆ ಬಿಲ್ಲೂ ತಪ್ಪೇ.

ರೇಡಿಯಸ್ ಡಯಲ್‌ಅಪ್ ಕಾಲದ್ದಲ್ವಾ? ಇನ್ನೂ ಅದನ್ನೇ ಯಾಕೆ ಬಳಸುತ್ತಾರೆ?

ಹೌದು, ಡಯಲ್‌ಅಪ್ ಕಾಲದ್ದೇ. ಲಿವಿಂಗ್‌ಸ್ಟನ್ ಎಂಟರ್‌ಪ್ರೈಸಸ್ ಎಂಬ ಕಂಪನಿ 1991ರಲ್ಲಿ ಇದನ್ನು ರೂಪಿಸಿತು. ಈಗಲೂ ಆಧಾರವಾಗಿರುವ ಆರ್‌ಎಫ್‌ಸಿ (ಇಂಟರ್ನೆಟ್ ನಿಯಮಗಳನ್ನು ಬರೆದಿಟ್ಟ ದಸ್ತಾವೇಜು) 2865 ಮತ್ತು 2866 ಬಂದದ್ದು 2000ದಲ್ಲಿ. ಮೊದಲನೆಯದು ಲಾಗಿನ್‌ಗೆ, ಎರಡನೆಯದು ಲೆಕ್ಕಕ್ಕೆ. ಯಾವ ಕಂಪನಿಯ ಸಾಧನ ಕೊಂಡರೂ ರೇಡಿಯಸ್ ಇದ್ದೇ ಇರುತ್ತದೆ. 1999ರಲ್ಲಿ ಶುರುವಾದ ಫ್ರೀರೇಡಿಯಸ್ ಉಚಿತವಾಗಿ ಸಿಗುತ್ತದೆ, ದೊಡ್ಡ ದೊಡ್ಡ ಸೇವೆಗಳೂ ಅದನ್ನೇ ಬಳಸುತ್ತವೆ. ಬದಲಾಯಿಸಲು ಬಲವಾದ ಕಾರಣ ಯಾರಿಗೂ ಸಿಕ್ಕಿಲ್ಲ.

ರೇಡಿಯಸ್ ಓಡುವುದು ಯುಡಿಪಿ ಮೇಲೆ, ಅಂದರೆ ತಲುಪಿತಾ ಅಂತ ತಾನು ನೋಡದೆ ಸಂದೇಶ ಕಳಿಸುವ ವಿಧಾನ. ಸಂದೇಶ ಯಾವ ಬಾಗಿಲಿಗೆ ಬರಬೇಕು ಎಂದು ಹೇಳುವ ಸಂಖ್ಯೆ ಪೋರ್ಟ್: ಲಾಗಿನ್‌ಗೆ 1812, ಲೆಕ್ಕಕ್ಕೆ 1813. ಹಳೆಯ ಸಾಧನಗಳು 1645 ಮತ್ತು 1646 ಬಳಸುತ್ತಿದ್ದವು. ಹೊಸ ನ್ಯಾಸ್ ಜೋಡಿಸಿ ಏನೂ ಆಗದಿದ್ದರೆ ಮೊದಲು ಪೋರ್ಟ್ ನೋಡಿ, ಆಮೇಲೆ ನ್ಯಾಸ್, ಸರ್ವರ್ ಎರಡೂ ಕಡೆ ಹಾಕಿದ ಗುಟ್ಟಿನ ಪದ, ಅಂದರೆ ಶೇರ್ಡ್ ಸೀಕ್ರೆಟ್, ಒಂದೇ ಇದೆಯಾ ನೋಡಿ.

ಡಯಾಮೀಟರ್ ಬೇಕಾ?

ಇದು ರೇಡಿಯಸ್ ನಂತರ ಬಂದ, ಅದೇ ಕೆಲಸದ ಇನ್ನೊಂದು ನಿಯಮಾವಳಿ. ಮೊಬೈಲ್ ನೆಟ್‌ವರ್ಕ್ ನಡೆಸುತ್ತಿದ್ದರೆ ಬೇಕು. 4ಜಿ ಜಾಲದಲ್ಲಿ ಬಳಕೆ ನಡೆಯುತ್ತಿರುವಾಗಲೇ ಹಣ ಕಡಿತವಾಗುವುದು ಇದರ ಮೂಲಕ. ಯುಡಿಪಿ ಬದಲು, ಸಂದೇಶ ತಲುಪಿದ್ದನ್ನು ಖಚಿತ ಮಾಡಿಕೊಳ್ಳುವ ಟಿಸಿಪಿ ಅಥವಾ ಎಸ್‌ಸಿಟಿಪಿ ಮೇಲೆ, ಪೋರ್ಟ್ 3868ರಲ್ಲಿ ಓಡುತ್ತದೆ. ಬ್ರಾಡ್‌ಬ್ಯಾಂಡ್, ವೈಫೈ ಮಾತ್ರ ಕೊಡುವವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಯೂಸರ್‌ನೇಮ್, ಪಾಸ್‌ವರ್ಡ್ ಕೊಡುವುದು ಒಳ್ಳೆಯದಾ, ಇಲ್ಲ ಸಾಧನ ನೋಡಿ ಬಿಡುವುದಾ?

ಎರಡೂ ಚಾಲ್ತಿಯಲ್ಲಿವೆ. ಯೂಸರ್‌ನೇಮ್ ಕೊಟ್ಟು ಸಂಪರ್ಕ ಪಡೆಯುವ ವಿಧಾನ ಪಿಪಿಪಿಒಇ, 1999ರಿಂದ ಇದೆ. ಅದರಲ್ಲಿ ರೂಟರಿನಲ್ಲೇ ಯೂಸರ್‌ನೇಮ್ ಇರುತ್ತದೆ, ಸೆಷನ್ ಯಾವಾಗ ಶುರು, ಯಾವಾಗ ಕೊನೆ ಅನ್ನುವುದು ಸ್ಪಷ್ಟ. ತೊಂದರೆ ಅಂದರೆ ಪ್ರತಿ ಪ್ಯಾಕೆಟ್‌ಗೆ 8 ಬೈಟ್ ಹೆಚ್ಚುವರಿ ಹೊರೆ, ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, 1492 ಬೈಟ್‌ಗೆ ಇಳಿಯುತ್ತದೆ. ಜೊತೆಗೆ, ಗ್ರಾಹಕರು ರೂಟರನ್ನು ರೀಸೆಟ್ ಮಾಡಿದ ದಿನ ನಿಮಗೆ ಫೋನ್ ಬಂದೇ ಬರುತ್ತದೆ.

ಇನ್ನೊಂದು ದಾರಿ ಡಿಎಚ್‌ಸಿಪಿ, ಅಂದರೆ ರೂಟರ್ ಕೇಳಿದ ಕೂಡಲೇ ಐಪಿ ವಿಳಾಸ ಕೊಡುವ ವಿಧಾನ. ಯಾವ ಲೈನಿನಿಂದ ಕೋರಿಕೆ ಬಂತು ಎಂಬುದನ್ನು ಮಧ್ಯದ ಸ್ವಿಚ್ಚೋ ಓಎಲ್‌ಟಿಯೋ (ಫೈಬರ್ ಲೈನುಗಳು ಬಂದು ಸೇರುವ ಸಾಧನ) ಆಪ್ಶನ್ 82 ಎಂಬ ಜಾಗದಲ್ಲಿ ಬರೆದು ಮುಂದೆ ಕಳಿಸುತ್ತದೆ. ಲೈನೇ ಗುರುತು. ಪಾಸ್‌ವರ್ಡ್ ಕಾಟ ಇಲ್ಲ. ಫೈಬರ್ ಜಾಲ ಹೊಸದಾಗಿ ಹಾಕುವವರಿಗೆ ನನ್ನ ಸಲಹೆ ಇದೇ. ಆದರೆ ಆ ಸಾಧನದ ಯಾವ ಪೋರ್ಟ್ (ಲೈನ್ ಚುಚ್ಚುವ ಜಾಗ) ಯಾವ ಮನೆಗೆ ಎಂಬ ಪಟ್ಟಿ ಸರಿಯಾಗಿರಬೇಕು. ಲೈನ್ ಎಳೆಯುವ ಹುಡುಗರು ಅವಸರದಲ್ಲಿ ಪೋರ್ಟ್ ಬದಲಿಸಿ ಹೇಳದೆ ಹೋದರೆ ಒಬ್ಬರ ಬಳಕೆ ಇನ್ನೊಬ್ಬರ ಖಾತೆಗೆ ಹೋಗುತ್ತದೆ.

ವೈಫೈನಲ್ಲಿ ಮ್ಯಾಕ್ ವಿಳಾಸವನ್ನು (ಸಾಧನದ ಜಾಲ ಸಂಖ್ಯೆ) ಗುರುತಾಗಿ ನಂಬುವ ಕಾಲ ಮುಗಿಯಿತು. ಆಂಡ್ರಾಯ್ಡ್ 10 ಮತ್ತು ಐಒಎಸ್ 14 ಬಂದಾಗಿನಿಂದ ಫೋನುಗಳು ತಾವಾಗಿಯೇ ಬೇರೆ ಬೇರೆ ವೈಫೈಗೆ ಬೇರೆ ಬೇರೆ ಸುಳ್ಳು ಮ್ಯಾಕ್ ತೋರಿಸುತ್ತವೆ. ನಿನ್ನೆ ಹಣ ಕಟ್ಟಿದ ಫೋನು ಇವತ್ತು ಹೊಸಬರಂತೆ ಬಂದು ನಿಲ್ಲಬಹುದು.

ಪಾಸ್‌ವರ್ಡ್‌ಗಳನ್ನು ಹ್ಯಾಶ್ ಮಾಡಿ ಇಟ್ಟ ಮೇಲೆ ಲಾಗಿನ್ ಆಗುತ್ತಿಲ್ಲ. ಯಾಕೆ?

ಹ್ಯಾಶ್ ಅಂದರೆ ಪಾಸ್‌ವರ್ಡ್ ಅನ್ನು ಮತ್ತೆ ಹಿಂದಕ್ಕೆ ತಿರುಗಿಸಲಾಗದ ಹಾಗೆ ಬದಲಿಸಿ ಇಡುವುದು. ಪಾಸ್‌ವರ್ಡ್ ತಾಳೆ ನೋಡಲು ಚಾಪ್, ಪ್ಯಾಪ್ ಎಂಬ ಎರಡು ವಿಧಾನಗಳಿವೆ, ನಿಮ್ಮ ನ್ಯಾಸ್ ಚಾಪ್ ಬಳಸುತ್ತಿದೆ. ಚಾಪ್‌ನಲ್ಲಿ ಪಾಸ್‌ವರ್ಡ್ ತಂತಿಯ ಮೇಲೆ ಹೋಗುವುದೇ ಇಲ್ಲ, ಅದರಿಂದ ಲೆಕ್ಕ ಹಾಕಿದ ಉತ್ತರ ಮಾತ್ರ ಹೋಗುತ್ತದೆ. ಅದನ್ನು ತಾಳೆ ನೋಡಲು ಸರ್ವರ್ ಬಳಿ ಮೂಲ ಪಾಸ್‌ವರ್ಡೇ ಇರಬೇಕು. ಪ್ಯಾಪ್‌ನಲ್ಲಿ ಉಲ್ಟಾ. ಪಾಸ್‌ವರ್ಡ್ ಸರ್ವರ್‌ಗೆ ಬರುತ್ತದೆ, ಹಾಗಾಗಿ ಅಲ್ಲಿ ಹ್ಯಾಶ್ ಇದ್ದರೆ ಸಾಕು.

ಚಾಪ್ ಹೆಚ್ಚು ಸುರಕ್ಷಿತ ಅಂತ ಬಹಳ ಜನ ಹೇಳುತ್ತಾರೆ. ಸಾವಿರಾರು ಪಾಸ್‌ವರ್ಡ್‌ಗಳನ್ನು ಬಿಚ್ಚಿಟ್ಟ ಡೇಟಾಬೇಸ್ ಕದ್ದುಹೋದರೆ ಏನಾಗುತ್ತದೆ ಅಂತ ಅವರು ಯೋಚಿಸಿರುವುದಿಲ್ಲ. ನಿಮ್ಮ ನ್ಯಾಸ್ ಮತ್ತು ಸರ್ವರ್ ನಡುವಿನ ದಾರಿ ನಿಮ್ಮ ಕೈಯಲ್ಲೇ ಇದ್ದರೆ ಪ್ಯಾಪ್ ಜೊತೆ ಹ್ಯಾಶ್ ಮಾಡಿದ ಪಾಸ್‌ವರ್ಡ್ ಇಡುವುದೇ ಮೇಲು.

ಆ ದಾರಿ ನಮ್ಮ ಕೈಯಲ್ಲಿ ಇಲ್ಲದಿದ್ದರೆ?

ಆಗ ಬರೀ ರೇಡಿಯಸ್ ಸಾಲದು. ಅದು ಪಾಸ್‌ವರ್ಡ್ ಒಂದನ್ನು ಮಾತ್ರ ಮರೆಮಾಡುತ್ತದೆ, ಅದೂ ಎಂಡಿ5 ಎಂಬ ಹಳೆಯ ಹ್ಯಾಶ್ ವಿಧಾನ ನಂಬಿಕೊಂಡು. ಉಳಿದ ವಿವರಗಳು ಯಾರು ಬೇಕಾದರೂ ಓದುವ ಹಾಗೆ ಹೋಗುತ್ತವೆ. 2024ರಲ್ಲಿ ಬಯಲಾದ ಬ್ಲಾಸ್ಟ್‌ರೇಡಿಯಸ್ ಎಂಬ ದೋಷದಲ್ಲಿ, ಮಧ್ಯೆ ಕೂತವರು ಸರ್ವರ್ ಕೊಟ್ಟ ತಿರಸ್ಕಾರವನ್ನೇ ಒಪ್ಪಿಗೆಯಾಗಿ ಬದಲಿಸಬಹುದು ಎಂದು ಸಂಶೋಧಕರು ತೋರಿಸಿದರು. ಸಾಧನಗಳ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಮೆಸೇಜ್-ಅಥೆಂಟಿಕೇಟರ್ (ಸಂದೇಶವನ್ನು ಯಾರೂ ತಿದ್ದಿಲ್ಲ ಎಂಬ ಮುದ್ರೆ) ಇಲ್ಲದ ಪ್ಯಾಕೆಟ್ ಒಪ್ಪಬೇಡಿ. ದಾರಿಯನ್ನು ವಿಪಿಎನ್ ಒಳಗೆ ಹಾಕಿ, ಇಲ್ಲವೇ ಇಡೀ ಸಂದೇಶವನ್ನು ಗೂಢಲಿಪಿ ಮಾಡುವ ಟಿಎಲ್‌ಎಸ್ ಮೇಲೆ ಓಡುವ ರ‍್ಯಾಡ್‌ಸೆಕ್ ಬಳಸಿ. ಅದರ ಪೋರ್ಟ್ 2083.

ಕರೆಂಟ್ ಹೋಗಿ ಬಂದ ಮೇಲೆ ಗ್ರಾಹಕರಿಗೆ ಲಾಗಿನ್ ಆಗುತ್ತಿಲ್ಲ. ಆಗಲೇ ಒಬ್ಬರು ಲಾಗಿನ್ ಆಗಿದ್ದಾರೆ ಅಂತ ಬರುತ್ತದೆ.

ಈ ಕ್ಷೇತ್ರದಲ್ಲಿ ಎಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗುವ ತೊಂದರೆ ಇದು. ಒಂದು ಐಡಿಗೆ ಒಂದೇ ಸೆಷನ್ ಎಂಬ ನಿಯಮ ಹಾಕಿರುತ್ತೀರಿ. ನ್ಯಾಸ್ ಏಕಾಏಕಿ ನಿಂತಿರುತ್ತದೆ, ಸ್ಟಾಪ್ ಸಂದೇಶ ಕಳಿಸಲು ಅದಕ್ಕೆ ಸಮಯವೇ ಸಿಕ್ಕಿರುವುದಿಲ್ಲ. ಡೇಟಾಬೇಸಿನ ಪ್ರಕಾರ ಹಳೆಯ ಸೆಷನ್ ಇನ್ನೂ ಜೀವಂತ. ಹಾಗಾಗಿ ಗ್ರಾಹಕರು ತಮ್ಮದೇ ಭೂತದ ಜೊತೆ ಜಗಳ ಆಡುತ್ತಾರೆ.

ನ್ಯಾಸ್ ಮತ್ತೆ ಎದ್ದಾಗ ಅಕೌಂಟಿಂಗ್-ಆನ್ ಎಂಬ ಸಂದೇಶ ಕಳಿಸಬೇಕು. ಅದು ಬಂದ ಕೂಡಲೇ ಆ ನ್ಯಾಸ್‌ನ ಎಲ್ಲ ತೆರೆದ ಸೆಷನ್‌ಗಳನ್ನೂ ಸರ್ವರ್ ಮುಚ್ಚಬೇಕು. ಆದರೆ ಎಲ್ಲ ಸಾಧನಗಳೂ ಇದನ್ನು ಕಳಿಸುವುದಿಲ್ಲ. ಕಳಿಸಿದರೂ ದಾರಿಯಲ್ಲಿ ಕಳೆದುಹೋಗಬಹುದು. ಅದಕ್ಕೇ ಇನ್ನೊಂದು ಕಾವಲು ಬೇಕು: ಇಂಟರಿಮ್ 10 ನಿಮಿಷಕ್ಕೊಮ್ಮೆ ಬರುತ್ತದೆ ಅಂತಿಟ್ಟುಕೊಳ್ಳಿ, ಸತತ ಮೂರು ಬರದಿದ್ದರೆ ಆ ಸೆಷನ್ ಸತ್ತಿದೆ ಅಂತ ತಿಳಿದು ಮುಚ್ಚಿಬಿಡಿ. ಮುಚ್ಚುವಾಗ ಕೊನೆಯ ಸಮಯ ಯಾವುದು ಅಂತ ಬರೆಯುತ್ತೀರಿ? ಮುಚ್ಚಿದ ಹೊತ್ತನ್ನಲ್ಲ, ಕೊನೆಯ ಇಂಟರಿಮ್ ಬಂದ ಹೊತ್ತನ್ನು ಬರೆಯಿರಿ. ಗಂಟೆ ಲೆಕ್ಕದಲ್ಲಿ ಹಣ ಪಡೆಯುವವರು ಇಲ್ಲಿ ಎಡವಿದರೆ, ಬಳಸದ ಗಂಟೆಗಳಿಗೆ ಬಿಲ್ ಹೋಗುತ್ತದೆ.

ಇಂಟರಿಮ್ ಅನ್ನು ತೀರಾ ಬೇಗ ಬೇಗ ಕೇಳಬೇಡಿ. 60 ಸೆಕೆಂಡಿಗಿಂತ ಕಡಿಮೆ ಇಡುವಂತೆಯೇ ಇಲ್ಲ, 600ಕ್ಕಿಂತ ಕಡಿಮೆ ಬೇಡ ಎನ್ನುತ್ತದೆ ಆರ್‌ಎಫ್‌ಸಿ. 5 ನಿಮಿಷಕ್ಕೆ ಇಟ್ಟವರು ತುಂಬಾ ಜನ ಇದ್ದಾರೆ. ಡೇಟಾಬೇಸ್ ತಡೆದುಕೊಂಡರೆ ತೊಂದರೆ ಇಲ್ಲ.

ಎಷ್ಟೇ ಡೌನ್‌ಲೋಡ್ ಮಾಡಿದರೂ ಒಂದು ಸೆಷನ್ 4 ಜಿಬಿ ದಾಟುವುದೇ ಇಲ್ಲ. ಹೇಗೆ ಸಾಧ್ಯ?

ಬೈಟ್ ಎಣಿಸುವ ಮೂಲ ಕೌಂಟರ್ 32 ಬಿಟ್‌ನದ್ದು. ಸುಮಾರು 429 ಕೋಟಿ ಬೈಟ್ ಆದ ಮೇಲೆ ಮತ್ತೆ ಸೊನ್ನೆಗೆ ಬರುತ್ತದೆ. ಡಯಲ್‌ಅಪ್ ಕಾಲದಲ್ಲಿ ಅಷ್ಟು ತುಂಬುವುದು ಕನಸಿನ ಮಾತು. ಈಗ 100 ಎಂಬಿಪಿಎಸ್ ಲೈನ್ ಪೂರ್ತಿ ಓಡಿದರೆ 6 ನಿಮಿಷದೊಳಗೆ ತುಂಬುತ್ತದೆ, 1 ಜಿಬಿಪಿಎಸ್ ಆದರೆ 35 ಸೆಕೆಂಡ್ ಸಾಕು.

ಇದಕ್ಕೆಂದೇ ಗಿಗಾವರ್ಡ್ಸ್ ಎಂಬ ಇನ್ನೊಂದು ಜೋಡಿ ಸಂಖ್ಯೆಯನ್ನು ಆರ್‌ಎಫ್‌ಸಿ 2869ರಲ್ಲಿ ಸೇರಿಸಿದರು. ಮೂಲ ಕೌಂಟರ್ ಎಷ್ಟು ಸಲ ಸುತ್ತಿತು ಎಂಬುದನ್ನು ಅದು ಹೇಳುತ್ತದೆ. ಅದನ್ನು 2ರ 32ನೇ ಘಾತದಿಂದ ಗುಣಿಸಿ ಮೂಲ ಸಂಖ್ಯೆಗೆ ಕೂಡಿಸಬೇಕು. ಬಿಲ್ಲಿಂಗ್ ಸಾಫ್ಟ್‌ವೇರ್ ಇದನ್ನು ಓದುತ್ತಿದೆಯಾ ಅಂತ ನೀವೇ ಪರೀಕ್ಷೆ ಮಾಡಿ ನೋಡಿ. ಮಾರುವವರ ಮಾತು ನಂಬಬೇಡಿ.

ಉಲ್ಟಾ ತಪ್ಪೂ ಇದೆ. ಇಂಟರಿಮ್‌ನಲ್ಲಿ ಬರುವ ಸಂಖ್ಯೆ ಸೆಷನ್ ಶುರುವಾದಾಗಿನಿಂದ ಆದ ಒಟ್ಟು ಬಳಕೆ. ಹಿಂದಿನ ಇಂಟರಿಮ್‌ನಿಂದ ಈಚಿನದ್ದಲ್ಲ. ಬಂದದ್ದನ್ನೆಲ್ಲ ಕೂಡುತ್ತಾ ಹೋದರೆ 2 ಜಿಬಿ ಬಳಸಿದವರಿಗೆ 20 ಜಿಬಿ ಬಿಲ್ ಆಗುತ್ತದೆ.

ಅಪ್‌ಲೋಡ್ ಜಾಸ್ತಿ, ಡೌನ್‌ಲೋಡ್ ಕಡಿಮೆ ತೋರಿಸುತ್ತಿದೆ.

ಅದಲು ಬದಲಾಗಿದೆ. ಇನ್‌ಪುಟ್, ಔಟ್‌ಪುಟ್ ಎರಡೂ ನ್ಯಾಸ್ ಕಡೆಯಿಂದ ಹೇಳುವ ಮಾತು. ಗ್ರಾಹಕರಿಂದ ನ್ಯಾಸ್ ಒಳಗೆ ಬಂದದ್ದು ಇನ್‌ಪುಟ್, ಅಂದರೆ ಅವರ ಅಪ್‌ಲೋಡ್.

ನಮ್ಮ ಲೆಕ್ಕ, ಗ್ರಾಹಕರ ಫೋನಿನ ಲೆಕ್ಕ ತಾಳೆ ಆಗುವುದಿಲ್ಲ. ಯಾರದ್ದು ಸರಿ?

ಬಹಳ ಸಲ ಇಬ್ಬರದ್ದೂ ಸರಿ. 1 ಜಿಬಿ ಅಂದರೆ ಕೆಲವರಿಗೆ 100 ಕೋಟಿ ಬೈಟ್, ಕೆಲವರಿಗೆ 1024ರ ಲೆಕ್ಕದಲ್ಲಿ ಸುಮಾರು 107 ಕೋಟಿ ಬೈಟ್. ಇಷ್ಟರಲ್ಲೇ 7 ಶೇಕಡಾ ವ್ಯತ್ಯಾಸ ಬಂತು. ಫೋನು ತನ್ನ ಬಳಕೆ ಮಾತ್ರ ಎಣಿಸುತ್ತದೆ, ನೀವು ಮನೆಯ ಟಿವಿ, ಕ್ಯಾಮೆರಾ, ಲ್ಯಾಪ್‌ಟಾಪ್ ಎಲ್ಲವನ್ನೂ ಎಣಿಸುತ್ತೀರಿ. ನ್ಯಾಸ್ ದಾಟಿದ ಮೇಲೆ ವೈಫೈನಲ್ಲಿ ಕಳೆದುಹೋಗಿ ಮತ್ತೆ ಕಳಿಸಿದ ಪ್ಯಾಕೆಟ್ ನಿಮ್ಮ ಲೆಕ್ಕದಲ್ಲಿ ಎರಡು ಸಲ ಬರುತ್ತದೆ. ತಿಂಗಳು ಶುರುವಾಗುವ ದಿನವೂ ಬೇರೆ ಬೇರೆ ಇರಬಹುದು.

ಯಾವ ಜಿಬಿ, ಯಾವ ಟೈಮ್ ಜೋನ್, ಯಾವ ದಿನದಿಂದ ಯಾವ ದಿನಕ್ಕೆ ಎನ್ನುವುದನ್ನು ಒಪ್ಪಂದದಲ್ಲಿ ಬರೆಯಿರಿ. ಗ್ರಾಹಕರಿಗೆ ದಿನದ ಬಳಕೆ ತೋರಿಸುವ ಒಂದು ಪುಟ ಕೊಡಿ. ತಿಂಗಳ ಕೊನೆಗೆ ಒಂದೇ ದೊಡ್ಡ ಸಂಖ್ಯೆ ನೋಡಿದವರು ಬೈಯುತ್ತಾರೆ. ದಿನಾ ನೋಡುವವರು ಮನೆಯಲ್ಲೇ ವಿಚಾರಿಸಿಕೊಳ್ಳುತ್ತಾರೆ.

ಒಂದೇ ಸೆಷನ್ ಎರಡು ಸಲ ಬಿಲ್ ಆಗಿದೆ.

ಯುಡಿಪಿಯಲ್ಲಿ ಇದು ಸಹಜ. ಉತ್ತರ ಬರದಿದ್ದರೆ ನ್ಯಾಸ್ ಅದೇ ದಾಖಲೆಯನ್ನು ಮತ್ತೆ ಕಳಿಸುತ್ತದೆ. ಸೆಷನ್ ಐಡಿ, ಯೂಸರ್‌ನೇಮ್, ನ್ಯಾಸ್ ವಿಳಾಸ, ಪೋರ್ಟ್ ಇವೆಲ್ಲ ಸೇರಿಸಿ ಒಂದು ವಿಶಿಷ್ಟ ಕೀ ಮಾಡಿಕೊಂಡು, ಅದೇ ಕೀ ಮತ್ತೆ ಬಂದರೆ ಹೊಸ ಸಾಲು ಸೇರಿಸದೆ ಹಳೆಯದನ್ನೇ ತಿದ್ದಿ. ಸೆಷನ್ ಐಡಿ ಒಂದನ್ನೇ ನಂಬಬೇಡಿ, ಕೆಲವು ಸಾಧನಗಳು ರೀಬೂಟ್ ಆದ ಮೇಲೆ ಮತ್ತೆ ಮೊದಲಿನಿಂದ ಎಣಿಸುತ್ತವೆ.

ಇನ್ನೊಂದು ನಿಯಮ ಆರ್‌ಎಫ್‌ಸಿ 2866ರಲ್ಲೇ ಇದೆ: ದಾಖಲೆ ಬರೆದಿಡಲು ಆಗದಿದ್ದರೆ ಸರ್ವರ್ ಉತ್ತರ ಕೊಡಲೇಬಾರದು. ವೇಗಕ್ಕೆಂದು ಮೊದಲೇ ಉತ್ತರ ಕೊಟ್ಟು, ಬರೆಯುವುದನ್ನು ಆಮೇಲೆ ನೋಡಿಕೊಳ್ಳುವ ಸರ್ವರ್‌ಗಳು ಬಿದ್ದ ದಿನ ಆ ಬಳಕೆಯೆಲ್ಲ ಮಾಯ. ನ್ಯಾಸ್ ಅದನ್ನು ಆಗಲೇ ಮರೆತಿರುತ್ತದೆ.

ಕೋಟಾ ಮುಗಿದ ಕೂಡಲೇ ವೇಗ ಇಳಿಸುವುದು ಹೇಗೆ?

ನಡೆಯುತ್ತಿರುವ ಸೆಷನ್‌ನ ಮಧ್ಯೆಯೇ ಸರ್ವರ್ ನ್ಯಾಸ್‌ಗೆ ಆಜ್ಞೆ ಕೊಡಬಹುದು. ಇದಕ್ಕೆ ಸಿಒಎ ಅನ್ನುತ್ತಾರೆ. ಆರ್‌ಎಫ್‌ಸಿ 5176, ಯುಡಿಪಿ ಪೋರ್ಟ್ 3799. ವೇಗ ಬದಲಿಸಬಹುದು, ಸಂಪರ್ಕವನ್ನೇ ಕಡಿಯಬಹುದು. ಕಡಿಯುವುದಕ್ಕಿಂತ ಬದಲಿಸುವುದು ಒಳ್ಳೆಯದು, ವಿಡಿಯೋ ಕಾಲ್ ಮಧ್ಯೆ ಇದ್ದವರು ನಿಮ್ಮನ್ನು ಮರೆಯುವುದಿಲ್ಲ.

ಆದರೆ "ಕೂಡಲೇ" ಅನ್ನುವುದು ಇಂಟರಿಮ್ ಮೇಲೆ ನಿಂತಿದೆ. ಕೋಟಾ ಮುಗಿದದ್ದು ಸರ್ವರ್‌ಗೆ ಗೊತ್ತಾಗುವುದೇ ಮುಂದಿನ ಇಂಟರಿಮ್ ಬಂದಾಗ. 10 ನಿಮಿಷದ ಅಂತರದಲ್ಲಿ 100 ಎಂಬಿಪಿಎಸ್ ಲೈನ್ 7.5 ಜಿಬಿ ಎಳೆಯಬಲ್ಲದು. ಚಿಕ್ಕ ಪ್ಯಾಕ್ ಮಾರುವವರಿಗೆ ಇದು ದೊಡ್ಡ ನಷ್ಟ. ನಿಮ್ಮ ನ್ಯಾಸ್ ತಾನೇ ಬೈಟ್ ಮಿತಿ ಇಟ್ಟುಕೊಳ್ಳಬಲ್ಲದಾದರೆ ಲಾಗಿನ್ ಉತ್ತರದಲ್ಲೇ ಉಳಿದ ಕೋಟಾ ಕಳಿಸಿ. ಇಲ್ಲದಿದ್ದರೆ ಮೀರಿದ ಬಳಕೆಗೆ ದುಡ್ಡು ಕೇಳಬೇಡಿ. ತಡ ನಿಮ್ಮದು, ಅವರದ್ದಲ್ಲ.

ಬಾಕಿ ಇರುವವರನ್ನು ರಿಜೆಕ್ಟ್ ಮಾಡಿದರೆ ಸಾಕಲ್ವಾ?

ಮಾಡಬಹುದು, ಆದರೆ ಅದು ದಡ್ಡತನ. ರಿಜೆಕ್ಟ್ ಆದ ರೂಟರ್ ಸುಮ್ನೆ ಕೂರುವುದಿಲ್ಲ, ಕೆಲವು ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಕೇಳುತ್ತದೆ. ಬಾಕಿ ಇರುವ ನೂರಾರು ರೂಟರ್‌ಗಳು ಸೇರಿದರೆ ಹಣ ಕಟ್ಟಿದವರಿಗಿಂತ ಇವರ ಗಲಾಟೆಯೇ ಜಾಸ್ತಿ. ಗ್ರಾಹಕರಿಗೂ ಕಾರಣ ಗೊತ್ತಾಗುವುದಿಲ್ಲ, ಲೈನ್ ಕೆಟ್ಟಿದೆ ಅಂತ ದೂರು ಕೊಡುತ್ತಾರೆ.

ಅದರ ಬದಲು ಒಳಗೆ ಬಿಡಿ, ಆದರೆ ಹಣ ಕಟ್ಟುವ ಪುಟ ಮತ್ತು ಪಾವತಿಗೆ ಬೇಕಾದ ತಾಣಗಳು ಮಾತ್ರ ತೆರೆಯುವ ಹಾಗೆ ಮಾಡಿ. ಕಟ್ಟಿದ ಕೂಡಲೇ ಒಂದು ಸಿಒಎ, ಪೂರ್ತಿ ವೇಗ ವಾಪಸ್.

ಯಾವ ರೀತಿಯ ದರ ಒಳ್ಳೆಯದು?

ಮನೆ ಬಳಕೆಗೆ ತಿಂಗಳಿಗೆ ಇಷ್ಟು ಅಂತ ಒಂದೇ ದರ. ಬೇರೆ ಯೋಚನೆ ಬೇಡ. ಜಿಬಿ ಲೆಕ್ಕದಲ್ಲಿ ಬರುವ ಹೆಚ್ಚಿನ ಹಣ ದೂರುಗಳಿಗೆ ಉತ್ತರ ಕೊಡುವುದರಲ್ಲೇ ಕರಗುತ್ತದೆ. ಗಂಟೆ ಲೆಕ್ಕ ತಾತ್ಕಾಲಿಕ ವೈಫೈಗೆ ಸರಿ.

ದೊಡ್ಡ ಸಂಸ್ಥೆಗಳಿಗೆ, ಡೇಟಾ ಸೆಂಟರ್‌ಗಳಿಗೆ 95ನೇ ಪರ್ಸೆಂಟೈಲ್ ಎಂಬ ಪದ್ಧತಿ ಇದೆ. 5 ನಿಮಿಷಕ್ಕೊಮ್ಮೆ ವೇಗ ಅಳೆಯುತ್ತಾರೆ. 30 ದಿನಕ್ಕೆ 8640 ಅಳತೆ. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಮೇಲಿನ 432 ಅಳತೆ ಬಿಟ್ಟು, ಅದರ ಕೆಳಗಿನದಕ್ಕೆ ಹಣ ಪಡೆಯುತ್ತಾರೆ. ಅಂದರೆ ತಿಂಗಳಲ್ಲಿ 36 ಗಂಟೆಯ ಅಬ್ಬರ ಮಾಫಿ. ದಿನಾ ರಾತ್ರಿ ಎರಡು ಗಂಟೆ ಬ್ಯಾಕಪ್ ಓಡಿಸುವವರು 60 ಗಂಟೆ ದಾಟುತ್ತಾರೆ, ಪೂರ್ತಿ ವೇಗಕ್ಕೇ ಹಣ ಕಟ್ಟಬೇಕಾಗುತ್ತದೆ. ಅದನ್ನೇ ಒಂದು ಗಂಟೆಗೆ ಮುಗಿಸಿದರೆ 30 ಗಂಟೆ ಆಗಿ ಬಿಲ್ಲಿನಿಂದ ತಪ್ಪಿಸಿಕೊಳ್ಳುತ್ತಾರೆ. ಇದು ನ್ಯಾಯವಾ ಅಂತ ಕೇಳಬೇಡಿ, ಲೆಕ್ಕ ಹಾಗಿದೆ.

ತಿಂಗಳ ಮಧ್ಯೆ ಪ್ಲಾನ್ ಬದಲಿಸಿದರೆ?

ಹಳೆಯ ಪ್ಲಾನ್ ಎಷ್ಟು ದಿನ, ಹೊಸದು ಎಷ್ಟು ದಿನ ಅಂತ ಭಾಗ ಮಾಡಿ. ದರ ಏರಿಸುವಾಗ ಹಳೆಯ ದರದ ಸಾಲನ್ನು ತಿದ್ದಬೇಡಿ, ಇಂಥ ದಿನದಿಂದ ಜಾರಿ ಅಂತ ಹೊಸ ಸಾಲು ಸೇರಿಸಿ. ಇಲ್ಲದಿದ್ದರೆ ಕಳೆದ ವರ್ಷದ ಬಿಲ್ಲನ್ನು ಮತ್ತೆ ತೆಗೆದಾಗ ಈ ವರ್ಷದ ಬೆಲೆ ಬಂದು ಕೂತಿರುತ್ತದೆ.

ರೇಡಿಯಸ್ ಸರ್ವರ್ ಬಿದ್ದರೆ ಎಲ್ಲರ ಇಂಟರ್ನೆಟ್ ಹೋಗುತ್ತದಾ?

ಆಗಲೇ ಒಳಗಿರುವವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹೊಸದಾಗಿ ಬರುವವರು ನಿಲ್ಲುತ್ತಾರೆ. ಎರಡು ಸರ್ವರ್ ಇಡಿ, ಎರಡೂ ಒಂದೇ ಡೇಟಾಬೇಸಿಗೆ ಜೋತುಬಿದ್ದಿರಬಾರದು. ನಿಜವಾದ ಪರೀಕ್ಷೆ ಒಂದು ಇಡೀ ಪ್ರದೇಶದ ಕರೆಂಟ್ ವಾಪಸ್ ಬಂದಾಗ. ಸಾವಿರಾರು ರೂಟರ್ ಒಂದೇ ನಿಮಿಷದಲ್ಲಿ ಲಾಗಿನ್ ಕೇಳುತ್ತವೆ. ಉತ್ತರ ತಡವಾದರೆ ಮತ್ತೆ ಕೇಳುತ್ತವೆ, ಹೊರೆ ಇನ್ನೂ ಏರುತ್ತದೆ. ಸರ್ವರ್‌ನ ಶಕ್ತಿಯನ್ನು ಸಾಮಾನ್ಯ ದಿನಕ್ಕಲ್ಲ, ಆ ನಿಮಿಷಕ್ಕೆ ಅಳೆದು ಇಡಬೇಕು.

ಸಿಜಿನ್ಯಾಟ್ ಹಿಂದೆ ಇರುವ ಗ್ರಾಹಕರು ಯಾರು ಅಂತ ಆಮೇಲೆ ಹೇಗೆ ಗೊತ್ತಾಗುತ್ತದೆ?

ಸಿಜಿನ್ಯಾಟ್ ಅಂದರೆ ತುಂಬಾ ಗ್ರಾಹಕರನ್ನು ಹೊರಗಿನ ಒಂದೇ ಐಪಿ ವಿಳಾಸದ ಹಿಂದೆ ಇಡುವುದು. ಬರೀ ರೇಡಿಯಸ್ ದಾಖಲೆಯಿಂದ ಅವರು ಯಾರು ಅಂತ ಗೊತ್ತಾಗುವುದಿಲ್ಲ. ಅದರಲ್ಲಿ 100.64ರಿಂದ ಶುರುವಾಗುವ ಒಳಗಿನ ವಿಳಾಸ ಮಾತ್ರ ಇರುತ್ತದೆ. ಹೊರಗಿನ ಒಂದು ವಿಳಾಸವನ್ನು ನೂರಾರು ಜನ ಹಂಚಿಕೊಂಡಿರುತ್ತಾರೆ. ಯಾವ ಹೊತ್ತಿಗೆ ಯಾವ ಪೋರ್ಟ್‌ಗಳು ಯಾರ ಬಳಿ ಇದ್ದವು ಎಂಬುದನ್ನೂ ಬರೆದಿಡಬೇಕು. ಪ್ರತಿ ಸಂಪರ್ಕವನ್ನೂ ಬರೆದರೆ ಡಿಸ್ಕ್ ತುಂಬಿಹೋಗುತ್ತದೆ. ಒಬ್ಬೊಬ್ಬರಿಗೆ ಪೋರ್ಟ್‌ಗಳ ಒಂದೊಂದು ಕಂತೆ ಕೊಟ್ಟು, ಕಂತೆ ಕೊಟ್ಟ ಹೊತ್ತು, ವಾಪಸ್ ಪಡೆದ ಹೊತ್ತು ಮಾತ್ರ ಬರೆಯಿರಿ. ಎಲ್ಲ ಸಾಧನಗಳ ಗಡಿಯಾರವೂ ಎನ್‌ಟಿಪಿಯಿಂದ (ಜಾಲದ ಮೂಲಕ ಗಡಿಯಾರ ಸರಿಪಡಿಸುವ ವ್ಯವಸ್ಥೆ) ಒಂದೇ ಹೊತ್ತು ತೋರಿಸುತ್ತಿರಬೇಕು. ಐದು ನಿಮಿಷ ಹಿಂದೆ ಮುಂದೆ ಆದರೆ ತಪ್ಪು ಮನೆಯ ಬಾಗಿಲು ಬಡಿಯುತ್ತಾರೆ.

ನಮ್ಮ ಸಿಬ್ಬಂದಿ ರೂಟರ್‌ಗಳಿಗೆ ಲಾಗಿನ್ ಆಗುವುದಕ್ಕೂ ಇದೇ ಸರ್ವರ್ ಸಾಕಾ?

ಬೇರೆ ಇಡಿ. ಸಾಧನಗಳ ನಿರ್ವಹಣೆಗೆ ಬರುವವರ ಲಾಗಿನ್‌ಗೆಂದೇ ಇರುವ ಟಕಾಕ್ಸ್ ಪ್ಲಸ್ ಬಳಸಿದರೆ ಯಾರು ಯಾವ ಕಮಾಂಡ್ ಕೊಟ್ಟರು ಎಂಬುದೂ ದಾಖಲಾಗುತ್ತದೆ.

ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಳ್ಳುವ ಮುಂಚೆ ಏನು ನೋಡಬೇಕು?

ಪರದೆ ಎಷ್ಟು ಚೆಂದ ಇದೆ ಅಂತ ನೋಡಬೇಡಿ. ಒಂದು ತಪ್ಪು ಬಿಲ್ಲನ್ನು ಅಳಿಸದೆ ರದ್ದು ಮಾಡಿ, ಕ್ರೆಡಿಟ್ ನೋಟ್ ಕೊಟ್ಟು, ಸರಿಯಾದ ಬಿಲ್ ತೆಗೆಯಲು ಆಗುತ್ತದಾ ಅಂತ ಕೇಳಿ. ಬಿಲ್ಲಿನ ಒಂದು ಸಾಲಿನ ಮೇಲೆ ಒತ್ತಿದರೆ ಅದಕ್ಕೆ ಕಾರಣವಾದ ಸೆಷನ್‌ಗಳು ಕಾಣಬೇಕು. ದರ ತಪ್ಪಾಗಿ ಹಾಕಿದ್ದರೆ ಹಳೆಯ ಬಳಕೆಗೆ ಮತ್ತೆ ದರ ಹಚ್ಚಲು ಬರಬೇಕು. ಅದಕ್ಕೆ ಮೂಲ ದಾಖಲೆಗಳು ಹಾಗೇ ಇರಬೇಕು, ಬರೀ ತಿಂಗಳ ಒಟ್ಟು ಇಟ್ಟುಕೊಂಡು ಉಳಿದದ್ದನ್ನು ಎಸೆಯುವ ಸಾಫ್ಟ್‌ವೇರ್ ಬೇಡ. ಗ್ರಾಹಕರ ಪಟ್ಟಿ, ಬಾಕಿ, ಬಳಕೆ ಎಲ್ಲವನ್ನೂ ನೀವೇ ಹೊರತೆಗೆದುಕೊಳ್ಳಲು ಬರುತ್ತದಾ ಅಂತ ಹಣ ಕೊಡುವ ಮುಂಚೆಯೇ ಒಮ್ಮೆ ಮಾಡಿಸಿ ನೋಡಿ. ಕೊಟ್ಟ ಮೇಲೆ ಕೇಳಿದರೆ ಅದಕ್ಕೂ ಒಂದು ಬಿಲ್ ಬರುತ್ತದೆ.